ಕೊಪ್ಪರಿಗೆಯ ಅಪ್ಪ ಸತ್ತ ಸಂಚಿಕೆ

ತಾನು ಸತ್ತ ಸುದ್ದಿ ಚೌಡಯ್ಯನಿಗೆ ಗೊತ್ತಾದದ್ದು ಅಕ್ಕನ ಬಾಯಿಂದ. ಮಧ್ಯಾಹ್ನದ ಹೊತ್ತು, ಆಲೆಮನೆಯಿಂದ ಊಟಕ್ಕೆ ಬಂದು, ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಡುವುದರಲ್ಲಿದ್ದ. ಹೊಳಲಿನ ಬಸ್‌ಸ್ಟಾಪಿನ ಕಡೆಯಿಂದ ಹೆಂಗಸೊಬ್ಬಳು ಎದೆ ಬಡಿದುಕೊಂಡು ಗೋಳಾಡುತ್ತ ಬರುವುದು ಕೇಳಿಸಿತು.

“ಯಾರೋ ತೀರ್ಕಂಡ್ರು ಅಂತ ಕಾಣ್ತದೆ, ಪಾಪ,” ಎಂದಳು ಹೆಂಡತಿ ದೇವಿರಮ್ಮ, ಇನ್ನೊಂದು ಸೌಟು ಸಾರು ಬಿಡುತ್ತ.

ಗೋಳು ಬೀದಿ ತಿರುಗಿತು, ಹತ್ತಿರವಾಯಿತು, ಅವರ ಮನೆಯ ಬಾಗಿಲಿಗೇ ಬಂದು ನಿಂತಿತು. ನೋಡಿದರೆ ಪೂರಿಗಾಲಿಗೆ ಕೊಟ್ಟಿದ್ದ ಅಕ್ಕ ಇಂದ್ರಮ್ಮ. ಕೂದಲು ಕೆದರಿದೆ, ಕೈಯಲ್ಲಿ ಚೆಂಡುಹೂವಿನ ಹಾರ, ಸೊಂಟದಲ್ಲಿ ಊದುಬತ್ತಿಯ ಕಟ್ಟು. ನಾಲ್ಕು ವರ್ಷದಿಂದ ಅವಳು ಈ ಹೊಸಿಲು ತುಳಿದಿರಲಿಲ್ಲ. ಅವಳ ಕೊನೆಯ ಮಗಳ ಮದುವೆಯಲ್ಲಿ ಸೋದರಮಾವನಾಗಿ ಹೆಣ್ಣನ್ನು ಹಸೆಗೆ ಕರೆತರಬೇಕಾಗಿದ್ದ ಚೌಡಯ್ಯ, ಒಲೆಯ ಮೇಲಿನ ಪಾಕ ಬಿಟ್ಟು ಬರಲಾಗದೆ ಧಾರೆ ಮುಗಿದ ಮೇಲೆ ಬಂದಿದ್ದ. ಅಂದು ಬಿಟ್ಟ ಮಾತು ಬಿಟ್ಟಿದ್ದೇ.

“ಅಯ್ಯೋ ನನ್ ತಮ್ಮಾ, ಒಂದ್ ಮಾತು ಯೋಳ್ಕಳುಸ್ದೆ ಮಣ್ ಮಾಡ್ಬುಟ್ರಲ್ಲಪ್ಪೋ…” ಎಂದು ರಾಗ ತೆಗೆದವಳು ಒಳಗೆ ಇಣುಕಿದಳು. ತಮ್ಮ ತಟ್ಟೆಯ ಮುಂದೆ ಕುಳಿತಿದ್ದ. ರಾಗ ಅಲ್ಲಿಗೇ ನಿಂತಿತು.

“ಲೇ ಚೌಡ! ಸತ್ತಿಲ್ವೇನ್ಲಾ ನೀನು?”

“ಇಲ್ಲ ಕಣಕ್ಕ. ಮುದ್ದೆ ಉಣ್ತಾ ಇವ್ನಿ. ಬಾ, ಕೂತ್ಕೊ.”

“ಕೂತ್ಕೊ ಅಂತಾನೆ, ಮುಟ್ಠಾಳ! ಮಳವಳ್ಳಿಲಿ ಬಸ್ ಬದ್ಲಾಯ್ಸಿ, ದಾರಿಯುದ್ದಕ್ಕೂ ಅತ್ಕಂಡ್ ಬಂದಿವ್ನಿ. ಬಸ್ಸಲ್ಲಿ ಮೂರ್ ಜನ ಎದ್ದು ಸೀಟ್ ಬುಟ್‌ಕೊಟ್ರು. ಈಗ ಅವ್ರಿಗೆ ಏನ್ ಯೋಳ್ಳಿ?” ಎಂದು ಗದರಿ, ಅಲ್ಲೇ ಕುಸಿದು, ಈ ಸಲ ನಿಜವಾಗಿ ಅತ್ತಳು. ದೇವಿರಮ್ಮ ನೀರು ತಂದುಕೊಟ್ಟಳು. ನೀರು ಕುಡಿದ ಮೇಲೆ ಇಂದ್ರಮ್ಮ ಮೊಬೈಲು ತೆಗೆದು ಮುಂದೆ ಹಿಡಿದಳು. ಮಳವಳ್ಳಿಯ ಕಾಲೇಜಿಗೆ ಹೋಗುವ ಮೊಮ್ಮಗಳು ಕಳಿಸಿದ್ದ ಫೋಟೊ. ಪತ್ರಿಕೆಯ ಒಂದು ಪುಟ. ಮೇಲೆ ಪುನೀತನ ಚಿತ್ರ, ಕೆಳಗೆ ದಪ್ಪಕ್ಷರ: ‘ಸಾಲದ ನೇಣಿಗೆ ಅಪ್ಪ, ಮೈಕಿನ ಮುಂದೆ ಮಗ.’ ಆ ದಪ್ಪಕ್ಷರವಷ್ಟನ್ನೇ ನಂಬಿ ಹೊರಟು ಬಂದಿದ್ದಳು.

ಪುನೀತ ಇವರ ಒಬ್ಬನೇ ಮಗ. ಮಂಡ್ಯದ ಮೊಬೈಲ್ ಅಂಗಡಿಯಲ್ಲಿ ಕೆಲಸ, ಬಿಡುವಿನಲ್ಲಿ ರ‍್ಯಾಪ್ ಹಾಡು. ಹಾಡುವಾಗಿನ ಹೆಸರು ಎಂ.ಸಿ. ಕೊಪ್ಪರಿಗೆ. ಅಪ್ಪ ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯ ಹೆಸರನ್ನೇ ಇಟ್ಟುಕೊಂಡನಲ್ಲ ಅಂತ ಚೌಡಯ್ಯನಿಗೆ ಒಳಗೊಳಗೇ ಹಿಗ್ಗು. ಹದಿನೈದು ದಿನದ ಹಿಂದೆ ಹುಡುಗ ‘ಕಟ್ಟೆ ಬೀಟ್’ ಎಂಬ ಬೆಂಗಳೂರಿನ ಹಿಪ್ ಹಾಪ್ ಮಾಸಪತ್ರಿಕೆ ತಂದು, “ಅವ್ವ, ಕವರ್ ಪೇಜಲ್ಲಿ ಬಂದಿವ್ನಿ” ಅಂತ ತೋರಿಸಿದ್ದ. ದೇವಿರಮ್ಮ ಕವರಿನ ಮೇಲಿದ್ದ ಮಗನ ಹಣೆಗೆ ಕುಂಕುಮ ಇಟ್ಟು ಪತ್ರಿಕೆಯನ್ನು ದೇವರ ಗೂಡಿನಲ್ಲಿ ಒರಗಿಸಿದ್ದಳು. ಒಳಗೆ ತೆರೆದು ನೋಡಿದವರಿಲ್ಲ. ಅವಳಿಗೆ ಓದು ಬಾರದು. ಚೌಡಯ್ಯನಿಗೆ ಬರುತ್ತಿತ್ತು, ತೆರೆಯಲು ಭಯವಿತ್ತು.

ಆ ಭಯಕ್ಕೆ ಕಾರಣವಿತ್ತು. ಮೂರು ತಿಂಗಳ ಹಿಂದೆ ಪುನೀತ ಒಬ್ಬ ಹುಡುಗಿಯನ್ನು ಆಲೆಮನೆಗೆ ಕರೆತಂದಿದ್ದ. ರಮ್ಯಶ್ರೀ ಅಂತ, ಆ ಪತ್ರಿಕೆಗೆ ಮಂಡ್ಯದಿಂದ ಬರೆಯುವವಳು. ಬಂದವಳು ಕುದಿಯುವ ಕಬ್ಬಿನ ಹಾಲಿನ ಮಡ್ಡಿ ತೆಗೆಯುವುದನ್ನು ನೋಡಿದಳು, ಬಿಸಿ ಬೆಲ್ಲವನ್ನು ಕಬ್ಬಿನ ಗರಿಯ ಮೇಲೆ ಹಾಕಿಸಿಕೊಂಡು ತಿಂದಳು, ಮಧ್ಯಾಹ್ನವೆಲ್ಲ ಕುಳಿತು ಪ್ರಶ್ನೆ ಕೇಳಿದಳು. ಪಾಕ ಬಂತೆಂದು ಹೇಗೆ ಗೊತ್ತಾಗುತ್ತದೆ ಅಂದಳು. “ಕಿವಿ ಕೊಡ್ಬೇಕು ಕಣವ್ವ. ಮೊದ್ಲು ಗಲಗಲ ಅಂತದೆ, ಆಮ್ಯಾಕೆ ಗುಳುಗುಳು ಅಂತದೆ, ಕೊನೇಲಿ ಪುಸುಕ್ ಪುಸುಕ್ ಅಂತ ಉಸ್ರು ಬುಡ್ತದೆ. ಆಗ ಇಳುಸ್ಬೇಕು” ಅಂದಿದ್ದ. ಮೂಲೆಯ ಡಬ್ಬದಲ್ಲಿದ್ದ ಬಿಳಿ ಪುಡಿ ಕಂಡು ಅದೇನೆಂದು ಕೇಳಿದಳು. ಚೌಡಯ್ಯನಿಗೆ ಸುಳ್ಳು ಹೇಳಲು ಬರಲಿಲ್ಲ. “ಹೈಡ್ರೋಸು. ಬಣ್ಣಕ್ಕೆ. ಆಕ್ದಿದ್ರೆ ಬೆಲ್ಲ ಕಪ್ಪಾಯ್ತದೆ, ಮಂಡಿಯೋರು ಮುಟ್ಟಾಕಿಲ್ಲ.”

“ನೀವು ಮನೇಲಿ ತಿನ್ನೋದೂ ಇದೇನಾ?”

“ಅದುನ್ನ ಬ್ಯಾರೆ ತೆಕ್ಕತೀವಿ,” ಅಂದು ತಲೆ ತಗ್ಗಿಸಿದ್ದ. ಅವಳು ನಕ್ಕು ಬರೆದುಕೊಂಡಿದ್ದಳು.

ಆ ಮಾತು ಅಚ್ಚಾಗಿ ಬಂದು ಆಲೆಮನೆಯ ಯಜಮಾನನ ಕಣ್ಣಿಗೆ ಬಿದ್ದರೆ ಗತಿಯೇನು ಅಂತ ಹೆದರಿ ಅವನು ಪತ್ರಿಕೆಯ ತಂಟೆಗೆ ಹೋಗಿರಲಿಲ್ಲ. ಈಗ ಎದ್ದು ಕೈ ತೊಳೆದು, ದೇವರ ಗೂಡಿನಿಂದ ಇಳಿಸಿ, ಜಗಲಿಯ ಬೆಳಕಿನಲ್ಲಿ ತೆರೆದ. ಏಳನೇ ಕ್ಲಾಸಿನ ಓದು, ನಿಧಾನ. ಆದರೆ ಅಕ್ಷರ ಬಿಟ್ಟು ಓದುವವನಲ್ಲ. ಹೆಂಗಸರಿಬ್ಬರೂ ಎದುರಿಗೆ ಕುಳಿತರು.

ಹೈಡ್ರೋಸಿನ ಸುದ್ದಿಯೇ ಇರಲಿಲ್ಲ. ಪಾಕದ ಸುದ್ದಿಯೂ ಇರಲಿಲ್ಲ. ‘ಬಿರುಕು ಬಿಟ್ಟ ಮಂಡ್ಯದ ಹೊಲ’ದಿಂದ ಕತೆ ಶುರುವಾಗಿತ್ತು. ಹೊಲದ ಬದುವಿನ ಬೇವಿನ ಮರ, ಮರದ ಕೊಂಬೆ, ಕೊಂಬೆಗೆ ಹಗ್ಗ. ಹಗ್ಗದಲ್ಲಿ ಕಬ್ಬು ಬೆಳೆಗಾರ ಚೌಡಯ್ಯ. ಇಳಿಸಿಕೊಂಡವನು ಹನ್ನೊಂದು ವರ್ಷದ ಮಗ. ಆಮೇಲೆ ವಿಧವೆ ತಾಯಿ ದೇವಿರಮ್ಮ ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ಮಗನಿಗೆ ಮೊದಲ ಮೈಕು ಕೊಡಿಸಿದ್ದು. ಮೂರು ಪುಟ ಹೀಗೇ ಹರಿದಿತ್ತು. ಮಗನ ಹಾಡಿನ ಒಂದೇ ಒಂದು ಸಾಲು ಹುಡುಕಿದರೂ ಸಿಗಲಿಲ್ಲ. ಕೊನೆಯಲ್ಲಿ ಹೆಸರು: ರಮ್ಯಶ್ರೀ, ಮಂಡ್ಯ.

“ನಾಲೇಲಿ ನೀರು ಮೊಣ್ಕಾಲುದ್ದ ಅರೀತಾ ಅದೆ. ಯಾವ್ ಬಿರುಕು ನೋಡುದ್ಲೋ ತಾಯಿ,” ಎಂದ ಚೌಡಯ್ಯ. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ.

ದೇವಿರಮ್ಮ ಪತ್ರಿಕೆ ಕಿತ್ತುಕೊಂಡಳು. ಸೆರಗಿನ ತುದಿ ಒದ್ದೆ ಮಾಡಿ, ಕವರಿನ ಮೇಲೆ ತಾನೇ ಇಟ್ಟ ಕುಂಕುಮವನ್ನು ಒರೆಸತೊಡಗಿದಳು. “ನಾನ್ ಮುಂಡೆ ಅಂತ ಬರ್ದಿರೋದ್ಕೆ ದಿನಾ ಕುಂಕ್ಮ ಆಕಿವ್ನಿ, ದಿನಾ ಕೈ ಮುಗ್ದಿವ್ನಿ,” ಎಂದಳು. ಒರೆಸಿದಷ್ಟೂ ಕೆಂಪು ಮಗನ ಮುಖದ ತುಂಬ ಹರಡಿತು.

ಇಂದ್ರಮ್ಮ ಹಿರಿಯಳು, ಮನೆಯ ಹೊಣೆ ತಾನೇ ಹೊತ್ತಳು. “ಸುಳ್ ಸಾವಿನ ಸುದ್ದಿ ಬಂದ್ರೆ ಆಯಸ್ಸು ಎಚ್ಚಾಯ್ತದೆ ಕಣಮ್ಮ, ಅಳ್ಬ್ಯಾಡ,” ಎಂದು ದೇವಿರಮ್ಮನನ್ನು ಎಬ್ಬಿಸಿ, ಹರಳೆಣ್ಣೆ ತರಿಸಿ ತಮ್ಮನ ತಲೆಗೆ ಒತ್ತಿ, ಹಂಡೆ ನೀರು ಹಾಕಿ, ದೃಷ್ಟಿ ತೆಗೆದಳು. ಸತ್ತವನಿಗೆಂದು ತಂದ ಹಾರವನ್ನು ದೇವರಿಗೆ ಹಾಕುವಂತಿಲ್ಲ, ಮನೆಯಲ್ಲಿ ಇಡುವಂತಿಲ್ಲ. “ನಾಲೆಗೆ ಬುಟ್ಟು ಬಾ, ಇಂತಿರುಗಿ ನೋಡ್ಬ್ಯಾಡ” ಅಂದಳು. ಚೌಡಯ್ಯ ತನ್ನ ಹಾರವನ್ನು ತಾನೇ ನೀರಿಗೆ ಬಿಟ್ಟು ಬಂದ. ನಾಲ್ಕು ವರ್ಷದ ಸಿಟ್ಟು ಹೋಗಿ ಅಕ್ಕ ಬಂದಳಲ್ಲ, ಆ ಪತ್ರಿಕೆಯಿಂದ ಆದ ಲಾಭ ಅದೊಂದೇ.

ಸಂಜೆ ಪುನೀತ ಬಂದ. ಅತ್ತೆಯನ್ನು ಕಂಡೊಡನೆ ಅವನಿಗೆ ವಿಷಯ ತಿಳಿದುಹೋಯಿತು. ಹೆಲ್ಮೆಟ್ ತೆಗೆಯದೆ ನಿಂತ.

“ಅವ್ರೇ ಏನೋ ತಪ್ಪಾಗ್ ಆಕ್ಕಂಡವ್ರೆ ಕಣಪ್ಪ. ಪತ್ರಿಕೆಯೋರು ಅಂದ್ರೆ ಅಂಗೇಯ.”

“ತಪ್ಪಾದ್ರೆ ತಿದ್ದಾಕ್ ಯೋಳ್ಲಾ.”

“ಯೋಳ್ತೀನಿ ಬುಡು. ಬಾನ್ವಾರ ಮದ್ದೂರಲ್ಲಿ ನನ್ ಶೋ ಅದೆ. ಬೆಂಗ್ಳೂರಿಂದ ಎಡಿಟ್ರು ಬತ್ತಾವ್ರೆ. ಅದೊಂದು ಮುಗೀಲಿ.”

“ಅಲ್ಲಿಗಂಟ ನಾನು ಸತ್ತಿರ್ಬೇಕೇನ್ಲಾ?”

ಪುನೀತ ಬೈಕು ತಿರುಗಿಸಿ ಹೋದ. ಅಂಗಡಿಯಲ್ಲೇ ಮಲಗುತ್ತೇನೆಂದು ಆಮೇಲೆ ಅವ್ವನಿಗೆ ಫೋನು ಮಾಡಿದನಂತೆ.

ಊರಿಗೆ ವಿಷಯ ಮೊದಲೇ ಗೊತ್ತಿತ್ತು. ಚೌಡಯ್ಯನಿಗೇ ತಡವಾಗಿ ಗೊತ್ತಾದದ್ದು. ಕಟ್ಟೆಯ ಮೇಲಿದ್ದ ಸಿದ್ದರಾಮು ಎಂಬ ಅವನ ವಾರಿಗೆಯವನು, “ಬುಡ್ಲಾ ಅತ್ಲಾಗೆ. ಊರಿನ್ ಐದ ಮುಂದಕ್ಕೆ ಬತ್ತಾವ್ನೆ. ನಾವೆಲ್ಲ ಬಾಯ್ ಮುಚ್ಕಂಡಿಲ್ವಾ? ನೀನೇನ್ ನಿಜ್ವಾಗ್ಲೂ ಸತ್ತೋದಾ?” ಅಂದ. ಊರೇ ಸೇರಿ ತನ್ನನ್ನು ಹೂತು, ಒಳ್ಳೆಯ ಮನಸ್ಸಿನಿಂದಲೇ ಮಣ್ಣೆಳೆದಂತೆ ಕಂಡಿತು ಚೌಡಯ್ಯನಿಗೆ.

ಮಾರನೆಯ ದಿನ ರಜೆ ಹಾಕಿ ಮಂಡ್ಯಕ್ಕೆ ಹೊರಟ. ಮನೆಗೆಂದು ತೆಗೆದಿಟ್ಟಿದ್ದ ಕಪ್ಪು ಬೆಲ್ಲದ ನಾಲ್ಕು ಅಚ್ಚು ಚೀಲಕ್ಕೆ ಹಾಕಿಕೊಂಡ. ಜಗಳಕ್ಕೆ ಹೋಗುವಾಗಲೂ ಬರಿಗೈಲಿ ಹೋಗಿ ಅಭ್ಯಾಸವಿಲ್ಲ. ಬಸ್ಸಿನಲ್ಲಿ ಕುಳಿತು ಒಂದೇ ಲೆಕ್ಕ ಹಾಕಿದ: ಆ ಹೆಣ್ಣುಮಗಳು ನನ್ನನ್ನು ಕಣ್ಣಾರೆ ನೋಡಿದ್ದಾಳೆ, ನನ್ನ ಕೈಯಿಂದ ಬೆಲ್ಲ ತಿಂದಿದ್ದಾಳೆ. ಹಾಗಿದ್ದೂ ಹೆಂಗೆ ಸಾಯಿಸಿದಳು? ಬೇರೆ ಯಾವುದೋ ಚೌಡಯ್ಯನ ಕತೆ ಇಲ್ಲಿಗೆ ಸೇರಿಕೊಂಡಿರಬೇಕು. ತಿದ್ದುಪಡಿ ಹಾಕಿಸಿದರೆ ಮುಗಿಯಿತು. ಮಗನನ್ನು ಬಯ್ಯುವ ಕೆಲಸವೂ ಉಳಿಯಿತು.

ರಮ್ಯಶ್ರೀ ಸಿಕ್ಕಿದ್ದು ರೈಲ್ವೆ ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಒಂದು ಕಂಪ್ಯೂಟರು, ಒಂದು ಫ್ಯಾನು, ಗೋಡೆಗೆ ಆನಿಸಿದ ಹಳೇ ಸಂಚಿಕೆಗಳ ಕಟ್ಟು. ಬಾಗಿಲಲ್ಲಿ ನಿಂತವನನ್ನು ನೋಡಿ ಅವಳು ಟೈಪು ಮಾಡುತ್ತಿದ್ದ ಕೈ ಹಿಂದಕ್ಕೆ ತೆಗೆದಳು.

“ಗುರ್ತು ಸಿಕ್ತೇನವ್ವ? ಸತ್ತೋನು.”

ಅವಳು ಕುರ್ಚಿ ಬಿಟ್ಟು ಎದ್ದಳು. ಕೂರಿ ಅಂದಳು. ಕುಳಿತ. ತಾನು ನಿಂತೇ ಇದ್ದಳು. ಮೇಜಿನ ಕೆಳಗಿನಿಂದ ನಾಲ್ಕು ಹಾಳೆ ತೆಗೆದು ಅವನ ಕೈಗಿಟ್ಟು, “ನಾನು ಬರ‍್ದಿದ್ದು ಇದು ಅಣ್ಣ. ಮೊದ್ಲು ಓದಿ. ಆಮೇಲೆ ಬಯ್ಯಿರಿ,” ಅಂದಳು.

ಚೌಡಯ್ಯ ಓದಿದ. ಕೆಳಗಿನಿಂದ ಕಾಫಿ ಬಂದು ಆರಿಹೋಯಿತು. ಅವನು ಇನ್ನೂ ಎರಡನೇ ಹಾಳೆಯಲ್ಲಿದ್ದ. ಅದರಲ್ಲಿ ಅವನಿದ್ದ. ಸುಟ್ಟ ಕಲೆಯ ಮುಂಗೈ ಇತ್ತು, ಕೊಪ್ಪರಿಗೆಯ ಕಡೆಗೆ ಕಿವಿ ಓರೆ ಮಾಡಿ ನಿಲ್ಲುವ ರೀತಿ ಇತ್ತು. ಗಲಗಲ, ಗುಳುಗುಳು, ಪುಸುಕ್ ಪುಸುಕ್ ಮೂರೂ ಇದ್ದವು. ಆ ಮೂರು ಸದ್ದನ್ನೇ ಹುಡುಗ ತನ್ನ ಹಾಡಿನ ಬೀಟು ಮಾಡಿಕೊಂಡಿದ್ದಾನೆ, ಕೊನೆಯ ಚರಣದಲ್ಲಿ ಮಾತು ನಿಧಾನವಾಗುವುದು ಪಾಕ ಇಳಿಸುವ ಹೊತ್ತಿನ ನಿಧಾನ ಅಂತ ಬರೆದಿದ್ದಳು. ಇಪ್ಪತ್ಮೂರು ವರ್ಷ ಸಾಕಿದ ಅಪ್ಪನಿಗೂ ಅದು ಹೊಳೆದಿರಲಿಲ್ಲ. ಹಾಡಿನ ಸಾಲು ಕೊಟ್ಟಿದ್ದಳು: ‘ಕೊಪ್ಪರಿಗೆ ಕುದಿತದೆ ಗುಳುಗುಳು ಗುಳುಗುಳು, ಅಪ್ಪನ ಕಿವಿಯೊಳಗೆ ಅದೇ ಗಡಿಯಾರದ ಮುಳ್ಳು.’ ಹೊಗಳಿಕೆಯಷ್ಟೇ ಅಲ್ಲ. ಎರಡನೇ ಹಾಡಿನ ಬೀಟು ಇನ್ನೊಬ್ಬನಿಂದ ಎತ್ತಿದ್ದು, ಮೂರನೆಯದರಲ್ಲಿ ಪ್ರಾಸಕ್ಕಾಗಿ ಅರ್ಥ ಬಿಟ್ಟಿದ್ದಾನೆ, ಆದರೂ ಈ ಹುಡುಗನಿಗೆ ಕಿವಿಯಿದೆ, ಕೆಡಿಸಿಕೊಳ್ಳದಿದ್ದರೆ ದೂರ ಹೋಗುತ್ತಾನೆ ಅಂತಲೂ ಇತ್ತು. ಹೈಡ್ರೋಸ್ ಕೂಡ ಇತ್ತು. ‘ಚೌಡಯ್ಯನವರು ತಾವು ತಿನ್ನುವ ಬೆಲ್ಲಕ್ಕೆ ಅದನ್ನು ಹಾಕುವುದಿಲ್ಲ.’ ಆ ಸಾಲಿಗೆ ಬಂದಾಗ ಅವನ ಕಿವಿ ಬಿಸಿಯಾಯಿತು. ನಾಚಿಕೆಯಾದರೂ ಸಿಟ್ಟು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಯಾರಾದರೂ ಬರೆದರೆ ಹೀಗಾಗುತ್ತದೆ ಅಂತ ಅವನಿಗೆ ಗೊತ್ತಾದದ್ದು ಅಂದೇ.

“ಇದ್ಯಾಕವ್ವ ಬರ‍್ಲಿಲ್ಲ?”

“ಕಳ್ಸಿದೆ. ಬೆಲ್ಲದ ಕತೆ ಯಾರಿಗೆ ಬೇಕು, ಮಂಡ್ಯದ ಹುಡುಗ ಅಂದ್ರೆ ಸ್ಟ್ರಗಲ್ ಎಲ್ಲಿ ಅಂದ್ರು ಎಡಿಟರು. ಬೆಂಗಳೂರಲ್ಲೇ ಕೂತು ಹೊಸದಾಗಿ ಬರೆಸಿ ಹಾಕಿದ್ರು.”

“ನಾನ್ ಸತ್ತೆ ಅಂತ ಅವ್ರಿಗೆ ಯಾರ್ ಯೋಳುದ್ರು?”

ರಮ್ಯಶ್ರೀ ಕಿಟಕಿಯ ಕಡೆ ತಿರುಗಿದಳು. “ಅದೊಂದು ಬಿಡಿ ಅಣ್ಣ.”

“ಅದೊಂದಕ್ಕೇ ಬಸ್ ಅತ್ತಿ ಬಂದಿರೋದು.”

ಅವಳು ಮೊಬೈಲಿನಲ್ಲಿ ಏನೋ ಹುಡುಕಿ ಮುಂದಿಟ್ಟಳು. ಹೀಗೆಲ್ಲ ಬರೆಯಬಹುದೇ ಎಂದು ಅವಳು ಜಗಳ ಮಾಡಿದಾಗ, ಹುಡುಗನೇ ಒಪ್ಪಿದ್ದಾನೆ ನೋಡು ಅಂತ ಎಡಿಟರು ಕಳಿಸಿದ್ದ ಮೆಸೇಜುಗಳು. ಮೇಲೆ ಎಡಿಟರದ್ದು: ‘ಅಪ್ಪ ಚೆನ್ನಾಗಿದ್ದಾರೆ ಅಂದ್ರೆ ಕವರ್ ಕೊಡೋಕಾಗಲ್ಲ ಮಗಾ. ಸಾಲ, ಸೂಸೈಡ್ ಅಂತ ಹಾಕ್ಲಾ?’ ಕೆಳಗೆ ಪುನೀತನದು: ‘ಹಾಕಿ ಸರ್. ನಮ್ಮಪ್ಪ ಓದಲ್ಲ.’

ಚೌಡಯ್ಯ ಅದನ್ನು ಮೂರು ಸಲ ಓದಿದ. ಮೂರು ಸಲವೂ ಅಷ್ಟೇ ಇತ್ತು.

“ನಿನ್ ಎಸ್ರು ಯಾಕ್ ಆಕ್ಸ್ಕಂಡೆ?” ಎಂದು ಕೇಳಿದ ಕೊನೆಗೆ. ಗದರಿಕೆಯಲ್ಲ, ತಿಳಿಯಬೇಕಾಗಿತ್ತು ಅಷ್ಟೇ.

“ತೆಗೀರಿ ಅಂದೆ. ತೆಗೆದ್ರೆ ಇನ್ಮೇಲೆ ಬರೀಬೇಡ ಅಂದ್ರು. ಸುಮ್ನಾದೆ.” ಅವಳು ಗೋಡೆಯ ಕಟ್ಟಿನಿಂದ ಒಂದು ಸಂಚಿಕೆ ಎಳೆದಳು. “ನೋಡಿ, ಇದ್ರಲ್ಲಿ ಏಳು ಆಲ್ಬಮ್ಮಿನ ವಿಮರ್ಶೆ ಇದೆ. ಐದನ್ನ ಹಾಡಿದವರ ಸ್ನೇಹಿತರೇ ಬರೆದುಕೊಟ್ಟಿದ್ದು. ಆರನೇದು ಬರೆದವನು ಹಾಡು ಕೇಳೇ ಇಲ್ಲ, ಹಾಡಿನ ಹೆಸರೇ ತಪ್ಪಿದೆ. ಕೂತು ಕೇಳಿ, ಒಳ್ಳೇದು ಒಳ್ಳೇದು, ಕೆಟ್ಟದ್ದು ಕೆಟ್ಟದ್ದು ಅಂತ ಬರೆದ್ರೆ ಹಾಡೋರಿಗೂ ಸಿಟ್ಟು, ಓದೋರಿಗೂ ಬೇಜಾರು. ಅವರಿಗೆ ಬೇಕಾಗಿರೋದು ಬಣ್ಣ. ಆ ಬಣ್ಣ ಇಲ್ದಿದ್ರೆ ಮುಟ್ಟೋದೇ ಇಲ್ಲ ಅಣ್ಣ.”

ಚೌಡಯ್ಯನಿಗೆ ಮೂಲೆಯ ತನ್ನ ಡಬ್ಬ ನೆನಪಾಯಿತು. ಮೂವತ್ತು ವರ್ಷದಿಂದ ದಿನಕ್ಕೆ ನಾಲ್ಕು ಕೊಪ್ಪರಿಗೆ, ಕೊಪ್ಪರಿಗೆಗೊಂದು ಹಿಡಿ. ಈ ಹುಡುಗಿಗೆ ಬುದ್ಧಿ ಹೇಳಲು ತನ್ನ ನಾಲಿಗೆಗೆ ಯಾವ ಹಕ್ಕಿದೆ?

“ತಿದ್ದುಪಡಿ ಬರೆದು ಕಳಿಸ್ತೀನಿ. ಹಾಕಲೇಬೇಕು ಅಂತ ಕೂರ‍್ತೀನಿ,” ಅಂದಳು ಅವಳು.

ಅವನು ನಾಲ್ಕು ಹಾಳೆಯನ್ನೂ ಕೇಳಿ ಇಸಿದುಕೊಂಡು, ಮಡಿಸಿ ಅಂಗಿಯ ಜೇಬಿಗಿಟ್ಟ. ಬೆಲ್ಲದ ಅಚ್ಚು ಮೇಜಿನ ಮೇಲಿಟ್ಟು, “ತಿನ್ನವ್ವ. ಇದ್ಕೆ ಏನೂ ಆಕಿಲ್ಲ,” ಎಂದು ಹೇಳಿ ಇಳಿದು ಬಂದ.

ಮನೆಯಲ್ಲಿ ದೇವಿರಮ್ಮ ಕಾದಿದ್ದಳು. “ಏನಂತೆ?”

“ಅವ್ರುದೇ ತಪ್ಪಂತೆ. ಬ್ಯಾರೆ ಯಾರ‍್ದೋ ಕತೆ ಸೇರ‍್ಕಂಡದಂತೆ. ತಿದ್ತಾರಂತೆ,” ಎಂದ. ಹೆತ್ತವಳಿಗೆ ಆ ಮೆಸೇಜಿನ ಮಾತು ಹೇಳುವಷ್ಟು ಗಟ್ಟಿಗ ಅವನಲ್ಲ.

ಭಾನುವಾರ ಬಂತು. ಚೌಡಯ್ಯ ಮನಸ್ಸಿನಲ್ಲಿ ಹೆಚ್ಚೇನೂ ಇಟ್ಟುಕೊಂಡಿರಲಿಲ್ಲ. ಪತ್ರಿಕೆ ತಿದ್ದಲಿ, ಬಿಡಲಿ. ಹುಡುಗ ನಾಲ್ಕು ಜನರ ಎದುರು ಒಂದು ಸಲ “ಇವ್ರು ನಮ್ಮಪ್ಪ” ಅಂದರೆ ಸಾಕು. ಅಷ್ಟನ್ನು ಕೇಳಿಸಿಕೊಂಡು ಬಸ್ಸು ಹತ್ತುವುದು. ಅಕ್ಕ ಎಣ್ಣೆನೀರಿನ ದಿನ ಪೆಟ್ಟಿಗೆಯಿಂದ ತೆಗೆದುಕೊಟ್ಟಿದ್ದ ಬಿಳಿ ಅಂಗಿ ತೊಟ್ಟು, ಹಾಳೆಗಳನ್ನು ಜೇಬಿಗಿಟ್ಟು ಮದ್ದೂರಿಗೆ ಹೊರಟ.

ಶಿವಪುರದ ಹತ್ತಿರದ ಒಂದು ಕಲ್ಯಾಣಮಂಟಪ. ಮಧ್ಯಾಹ್ನ ಮೂರು ಗಂಟೆಗೇ ಕಾಲೇಜು ಹುಡುಗ ಹುಡುಗಿಯರು ಕಿಕ್ಕಿರಿದಿದ್ದರು. ಬಾಗಿಲಲ್ಲಿದ್ದವರು ಅವನನ್ನು ಅಡಿಗೆಯವರ ಕಡೆಯವನು ಅಂದುಕೊಂಡು ಒಳಗೆ ಬಿಟ್ಟರು. ಕಂಬದ ಪಕ್ಕ ನಿಂತ. ವೇದಿಕೆಯ ಹಿಂದೆ ಮಗನ ಮುಖ, ಗೋಡೆಯಷ್ಟಗಲ. ನಿರೂಪಕ ಮೈಕು ಹಿಡಿದು ಏರಿದ. “ಎಂ.ಸಿ. ಕೊಪ್ಪರಿಗೆ ಬರೋಕೆ ಮುಂಚೆ, ಅವರ ತಂದೆ ಚೌಡಯ್ಯನವರಿಗೆ, ಅವರಂಥ ಎಲ್ಲ ರೈತರಿಗೆ, ಒಂದು ನಿಮಿಷ ಮೌನ. ಎಲ್ಲರೂ ಎದ್ದು ನಿಲ್ಲಿ.”

ಮಂಟಪಕ್ಕೆ ಮಂಟಪವೇ ಎದ್ದು ನಿಂತಿತು. ಚೌಡಯ್ಯ ನಿಂತೇ ಇದ್ದ. ಏನು ಮಾಡುವುದು ತಿಳಿಯದೆ ಅವನೂ ತಲೆ ಬಗ್ಗಿಸಿದ. ಪಕ್ಕದ ಹುಡುಗಿಯೊಬ್ಬಳು ಸದ್ದಿಲ್ಲದೆ ಕಣ್ಣೊರೆಸಿಕೊಂಡಳು. ನಿಮಿಷ ಮುಗಿದ ಮೇಲೆ ಅವಳೇ ಹೇಳಿದಳು: “ಅವ್ರಪ್ಪ ನೇಣಾಕ್ಕೊಂಡ್ರಂತೆ ಅಂಕಲ್. ಇವ್ನೇ ಇಳುಸ್ದನಂತೆ, ಚಿಕ್ಕ ಐದ.”

“ಏನ್ ಕೆಲ್ಸ ಮಾಡ್ತಿದ್ನಂತವ್ವ ಅವ್ನು?”

“ಕಬ್ಬು ಬೆಳೀತಿದ್ರಂತೆ. ಪಾಪ, ಬಾಳ ಒಳ್ಳೆಯೋರಂತೆ.”

ಒಳ್ಳೆಯವನಾಗಲು ಸಾಯಬೇಕಾಯಿತೇನೋ ಅಂದುಕೊಂಡ ಚೌಡಯ್ಯ.

ಪುನೀತ ಬಂದ. ಚೌಡಯ್ಯ ಕೊಪ್ಪರಿಗೆಯ ಹಾಡಿಗೆ ಕಾದ. ಗಲಗಲ ಯಾವಾಗ ಗುಳುಗುಳು ಆಗುತ್ತದೆ, ಆ ಹಾಳೆಯಲ್ಲಿ ಬರೆದ ಹಾಗೆ ಕೊನೆಯಲ್ಲಿ ನಿಧಾನವಾಗುತ್ತದೆಯೇ ಅಂತ ಕಿವಿ ಓರೆ ಮಾಡಿ ಕಾದ. ಆ ಹಾಡು ಬರಲೇ ಇಲ್ಲ. ಹೊಸದೊಂದು ಬಂತು. ಹಗ್ಗ, ಬೇವಿನ ಮರ, ಅಪ್ಪನ ಕಾಲು ನೆಲದಿಂದ ಎಷ್ಟು ಮೇಲಿತ್ತು ಎಂಬ ಲೆಕ್ಕ. ಹಗ್ಗಕ್ಕೆ ಅಗ್ಗ, ಸಾಲಕ್ಕೆ ಶೂಲ ಎಂಬ ಪ್ರಾಸ. ಮಂಟಪ ಕೂಗಿತು, ಶಿಳ್ಳೆ ಹೊಡೆಯಿತು, ಅತ್ತಿತು. ಚೌಡಯ್ಯನ ಕಿವಿಗೆ ಮಾತ್ರ ಅದು ಮೊದಲಿನಿಂದ ಕೊನೆಯವರೆಗೆ ಗಲಗಲ ಅಂದಿತೇ ಹೊರತು ಪಾಕಕ್ಕೆ ಬರಲಿಲ್ಲ. ಹುಡುಗನಿಗೆ ಕಿವಿಯಿದೆ, ಕೆಡಿಸಿಕೊಳ್ಳದಿದ್ದರೆ ಅಂತ ಬರೆದಿದ್ದ ಹಾಳೆ ಜೇಬಿನಲ್ಲಿ ಎದೆಗೆ ಒತ್ತುತ್ತಿತ್ತು.

ಮುಗಿದ ಮೇಲೆ ಬಾಗಿಲ ಬಳಿ ಹೋಗಿ ನಿಂತ. ಪುನೀತ ಜನರ ನಡುವೆ ಬರುತ್ತಿದ್ದ. ಪಕ್ಕದಲ್ಲಿ ಗಡ್ಡ ಬಿಟ್ಟ, ಕರಿ ಟೋಪಿಯ ಎಡಿಟರು. ಬಿಳಿ ಅಂಗಿಯನ್ನು ಕಂಡ ಕೂಡಲೇ ಹುಡುಗನ ಹೆಜ್ಜೆ ತಡೆಯಿತು. ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿದರು. ಸಣ್ಣವನಿದ್ದಾಗ ಆಲೆಮನೆಯಲ್ಲಿ ಕುದಿಯುವ ಹಾಲಿಗೆ ಕೈ ಹಾಕಲು ಹೋಗಿ ಸಿಕ್ಕಿಬಿದ್ದಾಗ ಇದ್ದ ಕಣ್ಣೇ ಅದು. ಆಗ ಚೌಡಯ್ಯ ಕೈ ಹಿಡಿದು ಎಳೆದುಕೊಂಡಿದ್ದ.

ಎಡಿಟರಿಗೆ ಕುತೂಹಲವಾಯಿತು. “ಯಾರು ಮಗಾ ಇವರು?”

ಪುನೀತ ಎಡಿಟರ ಕಡೆ ತಿರುಗಿದ. “ನಮ್ಮೂರವ್ರು ಸರ್,” ಎಂದ.

“ಓ! ಹಾಗಾದ್ರೆ ಇವನ ತಂದೇನ ನೀವು ನೋಡಿರಬೇಕು?” ಎಡಿಟರು ಆಗಲೇ ಮೊಬೈಲು ತೆಗೆದು ಅವನ ಬಾಯಿಯ ಹತ್ತಿರ ಹಿಡಿದಿದ್ದ. “ಮುಂದಿನ ಸಂಚಿಕೆಗೆ ಬೇಕಾಗಿತ್ತು. ಹೇಗಿದ್ರು? ಒಂದೆರಡು ಮಾತು ಹೇಳಿ.”

ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ಸುತ್ತ ಐವತ್ತು ಹುಡುಗರು ಮೊಬೈಲು ಎತ್ತಿ ನಿಂತಿದ್ದರು. ಆ ಮಾತು ಬಾಯಿಂದ ಬಿದ್ದ ಗಳಿಗೆಯೇ ಮಗನನ್ನು ಇವರು ಸುಲಿದು ಹಾಕುತ್ತಾರೆ ಎಂಬುದು ಚೌಡಯ್ಯನಿಗೆ ತಿಳಿಯಿತು. ಬದುಕಿನಲ್ಲಿ ಜನರ ಗುಂಪನ್ನು ಅವನು ಕಂಡಿದ್ದ. ಪುನೀತ ನೆಲ ನೋಡುತ್ತಿದ್ದ.

“ಒಳ್ಳೆ ಮನ್ಸ,” ಎಂದ ಚೌಡಯ್ಯ. “ಪಾಕ ಚೆನ್ನಾಗ್ ನೋಡೋನು. ಕಿವೀಲೇ ಕಂಡ್ ಇಡ್ಯೋನು. ಮಗುನ್ ಕಂಡ್ರೆ ಪ್ರಾಣ.”

“ಸೂಪರ್. ನಿಮ್ಮ ಹೆಸರು?”

“ಸಿದ್ದರಾಜು,” ಎಂದ, ಬಾಯಿಗೆ ಬಂದ ಹೆಸರು.

ಎಡಿಟರು ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡು ಹೋದ. ಪುನೀತ ಎರಡು ಹೆಜ್ಜೆ ಮುಂದೆ ಹೋದವನು ತಿರುಗಿ ನಿಂತ. ಏನೋ ಹೇಳುತ್ತಾನೆ ಅಂತ ಚೌಡಯ್ಯ ಕಾದ. ಯಾರೋ ಕರೆದರು, ಹುಡುಗ ಹೋದ.

ಮುಂದಿನ ತಿಂಗಳ ಸಂಚಿಕೆಯನ್ನು ಸಿದ್ದರಾಮು ಆಲೆಮನೆಗೇ ತಂದುಕೊಟ್ಟ. ತಿದ್ದುಪಡಿ ಎಲ್ಲೂ ಇರಲಿಲ್ಲ. ಮಂಡ್ಯದ ವರದಿಗಾರರ ಜಾಗದಲ್ಲಿ ರಮ್ಯಶ್ರೀಯ ಹೆಸರೂ ಇರಲಿಲ್ಲ. ಬೇರೆ ಯಾರದೋ ಇತ್ತು. ಒಳಪುಟದಲ್ಲಿ ಬಿಳಿ ಅಂಗಿಯ ಚೌಡಯ್ಯನ ಫೋಟೊ ಚೆನ್ನಾಗಿಯೇ ಬಂದಿತ್ತು. ಕೆಳಗೆ: ‘ದಿವಂಗತ ಚೌಡಯ್ಯನವರ ನೆರೆಮನೆಯ ಸಿದ್ದರಾಜು.’ ಅವನು ಹೇಳಿದ ಪಾಕ, ಕಿವಿ, ಮಗು ಒಂದೂ ಇರಲಿಲ್ಲ. ‘ಬಡ್ಡಿಯವರ ಕಾಟಕ್ಕೆ ಅವನು ಊಟ ಬಿಟ್ಟಿದ್ದ. ಕೊನೆಯ ದಿನ ನನ್ನ ಹತ್ತಿರ ಹಗ್ಗ ಕೇಳಿ ಇಸಿದುಕೊಂಡು ಹೋದ’ ಎಂದು ಸಿದ್ದರಾಜು ಕಣ್ಣೀರು ಹಾಕಿದ್ದ.

“ಅಗ್ಗ ಕೊಟ್ಟೋನು ನೀನೇ ಏನ್ಲಾ!” ಎಂದು ಸಿದ್ದರಾಮು ಹೊಟ್ಟೆ ಹಿಡಿದು ನಕ್ಕ. ಒಲೆಗೆ ಸಿಪ್ಪೆ ಒಡ್ಡುವವರು, ಅಚ್ಚಿಗೆ ಹುಯ್ಯುವವರು ಎಲ್ಲ ನಕ್ಕರು. ಚೌಡಯ್ಯ ಹಾಳೆ ಮಡಿಸಿಟ್ಟು ಡಬ್ಬದ ಮುಚ್ಚಳ ತೆಗೆದು, ಕುದಿಯುವ ಕೊಪ್ಪರಿಗೆಗೆ ಎಂದಿನ ಒಂದು ಹಿಡಿ ಹಾಕಿದ. ಕಪ್ಪು ಹೋಗಿ ಪಾಕ ಹೊಂಬಣ್ಣಕ್ಕೆ ತಿರುಗಿತು.

ಅಂದಿನಿಂದ ಆಲೆಮನೆಯಲ್ಲಿ ಅವನ ಹೆಸರು ಸಿದ್ದರಾಜಣ್ಣ. ಮೊದಲ ದಿನ ಹಾಗೆ ಕರೆದವನ ಮೇಲೆ ಸೌಟು ಎತ್ತಿದ. ಎರಡನೆಯ ದಿನ ಅವರ ಜೊತೆ ತಾನೂ ನಕ್ಕ. ಮೂರನೆಯ ದಿನ ಕೊಪ್ಪರಿಗೆಗೆ ಕಿವಿಯೊಡ್ಡಿ ನಿಂತಿದ್ದಾಗ ಹಿಂದಿನಿಂದ ಯಾರೋ “ಸಿದ್ದರಾಜಣ್ಣೋ, ಸೀದೋಯ್ತದೆ ಇಳ್ಸು” ಎಂದು ಕೂಗಿದರು. ಚೌಡಯ್ಯ “ಆಂ?” ಎಂದು ತಿರುಗಿ ನೋಡಿದ.